ಮಾರಣ್ಣ ಮಜ್ಜಿಗೆ ಕುಡಿದ ಮಧ್ಯಾಹ್ನ

ನನಗಾಗ ನಲವತ್ತೆರಡು ವರ್ಷ. ಇದು ಸುಮಾರು ಮೂವತ್ತು ವರ್ಷದ ಹಿಂದಿನ ಮಾತು. ನಾನು ಶಾಲೆಗೆ ಹೋದದ್ದು ಎರಡನೇ ಕ್ಲಾಸಿನವರೆಗೆ. ಅಕ್ಷರ ಕೂಡಿಸುವುದು ನಿಧಾನ, ತಪ್ಪುಗಳೂ ಇರುತ್ತವೆ. ಆದರೆ ಆ ಅಮಾವಾಸ್ಯೆಯ ಮಧ್ಯಾಹ್ನ ರಾಯದುರ್ಗದ ನಮ್ಮ ಸಾಲುಮನೆಯಲ್ಲಿ ನಡೆದದ್ದನ್ನು ಬೇರೆಯವರು ಹೇಳಿದಾಗಲೆಲ್ಲ ಏನಾದರೂ ಸೇರಿಸುತ್ತಾರೆ. ನನ್ನ ಮಗಳು ಅಳು ಸೇರಿಸುತ್ತಾಳೆ, ಶೆಡ್ಡಿನವರು ನಗು ಸೇರಿಸುತ್ತಾರೆ. ಅದಕ್ಕೇ ನಾನೇ ಬರೆಯುತ್ತಿದ್ದೇನೆ.

ನಮ್ಮೂರು ಮಡಕಶಿರದ ಆಚೆ, ರೊಳ್ಳದ ಹತ್ತಿರ. ಗಂಡ ತೀರಿಕೊಂಡ ಮೇಲೆ ಕಡಲೆಕಾಯಿ ಕೀಳುವ ಕೂಲಿ, ರೇಷ್ಮೆ ಸೊಪ್ಪು ಕೊಯ್ಯುವ ಕೂಲಿ ಎಂದು ಸ್ವಲ್ಪ ದಿನ ತಳ್ಳಿದೆ. ಆ ಕೂಲಿ ವರ್ಷವೆಲ್ಲ ಇರುವುದಿಲ್ಲ. ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಶೆಡ್ಡುಗಳಿವೆ, ಅಲ್ಲಿ ಕೆಲಸಕ್ಕೆ ಬರವಿಲ್ಲ ಎಂದು ಊರಿನವರು ಒಬ್ಬೊಬ್ಬರೇ ಹೋಗುತ್ತಿದ್ದರು. ನಾನೂ ಮಗಳು ರತ್ನಳನ್ನು ಕರೆದುಕೊಂಡು ಹೋದೆ. ನನಗೆ ಹೊಲಿದ ಪ್ಯಾಂಟಿನ ದಾರ ಕತ್ತರಿಸುವ ಕೆಲಸ. ರತ್ನ ಬೇಗ ಕಲಿತಳು, ಅವಳನ್ನು ಮಿಷನ್ನಿನ ಮೇಲೆ ಜಿಪ್ಪು ಕೂರಿಸಲು ಹಾಕಿದರು. ಶೆಡ್ಡಿನ ಹಿಂದೆಯೇ ಒಂದು ಸಾಲುಮನೆ. ಒಂದೊಂದು ಕೋಣೆಗೆ ಒಂದೊಂದು ಸಂಸಾರ. ಅರ್ಧಕ್ಕರ್ಧ ನಮ್ಮ ಮಡಕಶಿರದ ಕಡೆಯವರೇ.

ಈಗ ಕಣಿವೆ ಮಾರಣ್ಣನ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ.

ನಮ್ಮೂರಿಗೂ ಪಕ್ಕದ ಊರಿಗೂ ನಡುವೆ ಒಂದು ಗುಡ್ಡ. ಹಿಂದೆ, ನಮ್ಮ ಅಜ್ಜಿಯ ಅಜ್ಜಿಯ ಕಾಲದಲ್ಲೋ ಅದಕ್ಕೂ ಹಿಂದೋ, ಆ ಗುಡ್ಡದ ಕಣಿವೆಯಲ್ಲಿ ಮಾರಣ್ಣ ಎಂಬ ಕಳ್ಳನಿದ್ದ. ಸಾಹುಕಾರರ ಗಾಡಿ ಅಡ್ಡಗಟ್ಟಿ ದವಸ ಕಿತ್ತು ಇಲ್ಲದವರ ಮನೆಗೆ ಹಾಕುತ್ತಿದ್ದನಂತೆ. ಕಡಲೆಕಾಯಿ ಸುಲಿಯಲು ಕೂತಾಗ ಹೆಂಗಸರು ಅವನ ಪದ ಹೇಳುತ್ತಿದ್ದರು. ಪದದ ಕೊನೆಯಲ್ಲಿ ಅವನು ಬಿಸಿಲಲ್ಲಿ ಬಾಯಾರಿ ನಮ್ಮೂರಿಗೆ ಬರುತ್ತಾನೆ. ಒಬ್ಬಳು ಹೆಂಗಸು ಮಜ್ಜಿಗೆಗೆ ಉಮ್ಮತ್ತಿ ಬೀಜ ಅರೆದು ಹಾಕಿ ಕೊಡುತ್ತಾಳೆ. ಅವನಿಗೆ ಮತ್ತು ಬಂದು ಬಿದ್ದಾಗ ಸಿಪಾಯಿಗಳು ಬಂದು ಕಟ್ಟಿಕೊಂಡು ಹೋಗುತ್ತಾರೆ, ನೇಣು ಹಾಕುತ್ತಾರೆ.

ಮಾರಣ್ಣ ಗುಡ್ಡದ ಆ ಕಡೆಯ ಊರಿನವನು. ಅಂದಿನಿಂದ ಆ ಊರಿನವರು ನಮ್ಮೂರ ಹೆಂಗಸರ ಕೈಯಿಂದ ಮಜ್ಜಿಗೆ ಇರಲಿ, ನೀರನ್ನೂ ಕುಡಿಯುವುದಿಲ್ಲ. ನಮ್ಮೂರ ಹೆಣ್ಣು ತರುವುದಿಲ್ಲ, ನಮಗೆ ಹೆಣ್ಣು ಕೊಡುವುದಿಲ್ಲ. ಎರಡೂ ಊರಿನವರದು ಒಂದೇ ಜಾತಿ, ಒಂದೇ ಮನೆದೇವರು, ಹೊಲದ ಬದು ಕೂಡ ತಾಗಿಕೊಂಡಿದೆ. ಮಜ್ಜಿಗೆ ಕೊಟ್ಟವಳ ಹೆಸರು ಯಾರಿಗೂ ಗೊತ್ತಿಲ್ಲ. ಹೆಸರು ಗೊತ್ತಿಲ್ಲದ್ದಕ್ಕೆ ಅಪವಾದ ಇಡೀ ಊರಿಗೇ ಬಂತು. ನಮ್ಮೂರಲ್ಲಿ ಆ ಕೊನೆಯ ಸಾಲುಗಳನ್ನು ಹೇಳುವುದೇ ಇಲ್ಲ. ಮಾರಣ್ಣನನ್ನು ಬಿಸಿಲಲ್ಲಿ ನಿಲ್ಲಿಸಿ ಪದ ಮುಗಿಸಿಬಿಡುತ್ತೇವೆ.

ಊರು ಬಿಟ್ಟು ಅಷ್ಟು ದೂರ ಬಂದರೂ ಅದು ಬಿಡಲಿಲ್ಲ. ಶೆಡ್ಡಿನಲ್ಲಿ ದಾರ ಕತ್ತರಿಸುವ ನಮಗೆ ಕುಡಿಯಲು ಒಂದು ಕೊಡ ಇಟ್ಟಿದ್ದರು. ಆ ಊರಿನವರು ತಮ್ಮದೇ ಇನ್ನೊಂದು ಕೊಡ ತಂದಿಟ್ಟರು. ಶಿವಣ್ಣ ಮೇಸ್ತ್ರಿ ರಾಯದುರ್ಗದವರು, ಅವರಿಗೆ ಇದು ಅರ್ಥವೇ ಆಗಲಿಲ್ಲ.

"ಏನ್ರೀ ನಿಮ್ಮ ಕಥಿ? ಒಂದ ನಳದ ನೀರು ತಂದು ಎರಡು ಕೊಡಕ್ಕ ತುಂಬ್ತೀರಿ. ಕೊಡ ಎರಡಾದ್ರ ನೀರೂ ಎರಡಾಗ್ತಾವೇನು?"

"ಅದು ನಮ್ಮೂರ ಇಚಾರ ಸಾಮಿ, ನಿಮಗೆ ತಿಳಿಯಲ್ಲ" ಎಂದಳು ತಿಪ್ಪಮ್ಮ.

ಈ ತಿಪ್ಪಮ್ಮ ಆ ಊರಿನವರಿಗೆಲ್ಲ ಹಿರಿಯಳು. ನನಗಿಂತ ಹತ್ತು ವರ್ಷ ದೊಡ್ಡವಳು, ಅವಳೂ ಗಂಡ ಸತ್ತವಳು. ಗುಂಡಿ ಹಚ್ಚುವ ಕೆಲಸ. ಮಾರಣ್ಣನಿಗೆ ಮಕ್ಕಳಿರಲಿಲ್ಲವಂತೆ. ಅವನ ಸ್ವಂತ ತಮ್ಮನ ವಂಶದವನೇ ತಿಪ್ಪಮ್ಮನ ಗಂಡ. ಅದಕ್ಕೇ ಅವಳು ಮಾರಣ್ಣನನ್ನು "ನಮ್ಮಾವ" ಎನ್ನುತ್ತಿದ್ದಳು, ಪಕ್ಕದ ಕೋಣೆಯಲ್ಲೇ ಇದ್ದಾನೆ ಎನ್ನುವ ಹಾಗೆ. ಅವಳಿಗೆ ಒಬ್ಬನೇ ಮಗ, ನಾಗರಾಜ. ಅದೇ ಶೆಡ್ಡಿನಲ್ಲಿ ಬಟ್ಟೆ ಕತ್ತರಿಸುತ್ತಿದ್ದ.

ನಾಗರಾಜ ಕತ್ತರಿಸಿ ಕೊಟ್ಟ ಬಟ್ಟೆಗೆ ರತ್ನ ಜಿಪ್ಪು ಹಾಕುತ್ತಿದ್ದಳು. ಮಿಕ್ಕಿದ್ದನ್ನು ನಾನು ಬಿಡಿಸಿ ಬರೆಯಬೇಕಿಲ್ಲ. ನನಗೆ ತಿಳಿದಾಗ ರತ್ನಳ ಕೆನ್ನೆಗೆ ಒಂದು ಕೊಟ್ಟೆ. ಆಮೇಲೆ ಕೂತು ಯೋಚನೆ ಮಾಡಿದೆ. ಹುಡುಗ ಕುಡಿಯುವುದಿಲ್ಲ, ಬೀಡಿ ಸೇದುವುದಿಲ್ಲ, ಕೆಲಸ ತಪ್ಪಿಸುವುದಿಲ್ಲ. ಇದಕ್ಕಿಂತ ಒಳ್ಳೆಯವನನ್ನು ನಾನು ಎಲ್ಲಿಂದ ಹುಡುಕಲಿ? ನಾನು ಒಪ್ಪಿದೆ.

ನಾಗರಾಜ ಧೈರ್ಯ ಮಾಡಿ ಅಮ್ಮನಿಗೆ ಹೇಳಿದ. ಗೋಡೆಯ ಆ ಕಡೆ ನಮ್ಮ ಕೋಣೆ, ಎಲ್ಲವೂ ಕೇಳಿಸಿತು.

"ಕರ್ರಗಿರ್ಲಿ, ಬೆಳ್ಳಗಿರ್ಲಿ, ಯಾವೂರವಳಾನ ಆಗ್ಲಿ, ತಾರಪ್ಪ, ಸೊಸೆ ಅಂತ ಒಪ್ಕಂತೀನಿ. ಮಜ್ಜಿಗೆ ಕೊಟ್ಟ ಊರೋಳು ಮಾತ್ರ ಬ್ಯಾಡ. ನಾಳೆ ನನಗೆ ಕಾಯಿಲೆ ಆದ್ರೆ ಅವಳ ಕೈಲಿ ನಾನು ನೀರು ಕುಡೀಬೇಕಾ? ನಮ್ಮಾವ ಮೇಲಿಂದ ನೋಡ್ತಿರ್ತಾನೆ."

"ಅಮ್ಮಾ, ಅದು ಯಾವ ಕಾಲದ್ದೋ..."

"ಕಾಲಕ್ಕೂ ಇಸಕ್ಕೂ ಏನ್ಲಾ ಸಂಬಂಧ? ಈ ಅಮಾಸೆ ಕಳೀಲಿ. ಮಾರನೇ ದಿನ ಮೊದಲ್ನೇ ಬಸ್ಸಿಗೆ ಊರಿಗೆ ಹೋಗಿ, ನೋಡಿರೋ ಹೆಣ್ಣಿನ ಮಾತು ಮುಗಿಸ್ಕಂಡು ಬತ್ತೀನಿ. ಇನ್ನು ಈ ಮಾತು ಎತ್ತಬ್ಯಾಡ."

ರತ್ನ ಅಂದು ರಾತ್ರಿ ಊಟ ಮಾಡಲಿಲ್ಲ. ಮರುದಿನವೂ ಸರಿಯಾಗಿ ಮಾಡಲಿಲ್ಲ. ಜಿಪ್ಪು ಸೊಟ್ಟಗೆ ಕೂರಿಸಿ ಮೇಸ್ತ್ರಿಯಿಂದ ಬೈಸಿಕೊಂಡಳು. ನನಗೆ ಮಾತಾಡಿ ಸಮಾಧಾನ ಮಾಡಲು ಬರುವುದಿಲ್ಲ. "ಉಣ್ಣು, ಹಸಿದರೆ ಅವಳೇನು ಒಪ್ಪಲ್ಲ" ಎಂದಷ್ಟೇ ಹೇಳಿದೆ.

ನಮ್ಮ ಶೆಡ್ಡು ಅಮಾವಾಸ್ಯೆಗೆ ರಜ. ಬೆಳಗ್ಗೆ ಮಿಷನ್ನುಗಳಿಗೆ ಪೂಜೆ ಮಾಡಿ ಬೀಗ ಹಾಕುತ್ತಿದ್ದರು. ಆ ದಿನ ಸಾಲುಮನೆಯವರೆಲ್ಲ ಸೇರಿ ವಿಡಿಯೋ ಅಂಗಡಿಯಿಂದ ಟಿವಿ, ಕ್ಯಾಸೆಟ್ಟು, ಅದನ್ನು ಓಡಿಸುವ ಡೆಕ್ಕು ಬಾಡಿಗೆಗೆ ತರಿಸುವುದು ರೂಢಿ. ಅಂಗಡಿಯ ಖಾದರ್ ಸಾಬರು ತಳ್ಳುಗಾಡಿಯಲ್ಲಿ ಅವನ್ನು ತಂದು, ತಾವೇ ಹಚ್ಚಿ, ಮುಗಿಯುವವರೆಗೂ ಡೆಕ್ಕಿನ ಪಕ್ಕದಲ್ಲೇ ಕೂರುತ್ತಿದ್ದರು. ಮಕ್ಕಳು ಗುಂಡಿ ಒತ್ತುತ್ತಾರೆ ಎಂಬ ಭಯ ಅವರಿಗೆ. ನಮ್ಮ ಕೋಣೆ ಸಾಲಿನ ಕೊನೆಯದು, ಮುಂದೆ ತಗಡಿನ ಚಪ್ಪರ ಇತ್ತು. ಹೀಗಾಗಿ ಯಾವಾಗಲೂ ನಮ್ಮ ಚಪ್ಪರದಲ್ಲೇ ಟಿವಿ.

ಈ ಸಲ ತಂದ ಕ್ಯಾಸೆಟ್ಟು ಯಾವುದು ಎಂದು ಕೇಳಿದರೆ, ಕಣಿವೆ ಮಾರಣ್ಣನದು! ತೆಲುಗಿನಲ್ಲಿ ಸಿನಿಮಾ ತೆಗೆದಿದ್ದರಂತೆ. ಅದು ಬಂದಿದೆ ಎಂದು ಯಾರೋ ಹೇಳಿದ್ದೇ ತಡ, ತಿಪ್ಪಮ್ಮ ಅಂಗಡಿಗೆ ತಾನೇ ಹೋಗಿ ಅದನ್ನೇ ಹಾಕಬೇಕು ಎಂದು ಹೇಳಿ ಬಂದಿದ್ದಳು.

ಪದದಲ್ಲಿ ಕೇಳಿದ್ದಕ್ಕೇ ಇಷ್ಟು, ಇನ್ನು ಕಣ್ಣಾರೆ ಕಂಡರೆ? ಮಜ್ಜಿಗೆ ಕೊಡುವುದು, ಅವನು ಬೀಳುವುದು, ಎಲ್ಲವನ್ನೂ ತಿಪ್ಪಮ್ಮ ನಮ್ಮ ಬಾಗಿಲಲ್ಲೇ ಕೂತು ನೋಡಿ ಮರುದಿನ ಬಸ್ಸು ಹತ್ತುತ್ತಾಳೆ. ನಾನು ಖಾದರ್ ಸಾಬರನ್ನು ಪಕ್ಕಕ್ಕೆ ಕರೆದೆ.

"ಸಾಬರೇ, ಅಮಾಸೆ ದಿನ ಕಳ್ಳನ ಸಿನಿಮಾ ಯಾಕೆ? ಯಾವುದಾನ ದೇವರದು ಹಾಕಿ."

"ದೇವರ ಪಿಚ್ಚರ್ ಎಲ್ಲಾ ಮುಂಜಾನೇನ ಹೋಗ್ಯಾವ್ರಿ ಅವ್ವಾ. ಈಗ ಗಾಡ್ಯಾಗ ಎರಡೇ ಅದಾವ. ಒಂದು ಇದು, ಇನ್ನೊಂದು ದೆವ್ವದ್ದು."

"ದೆವ್ವದ್ದೇ ಹಾಕಿ."

ಅವರು ನನ್ನ ಮುಖ ನೋಡಿದರು. "ಮಕ್ಕಳು ಅಂಜತಾವ್ರಿ. ಮತ್ತ ಆ ದೊಡ್ಡವ್ವ ನನ್ನ ಬಿಡ್ತಾಳೇನು?"

ಆ ದೊಡ್ಡವ್ವ ಅಷ್ಟರಲ್ಲಿ ತಲೆಗೆ ನೀರು ಹಾಕಿಕೊಂಡು, ಒಗೆದ ಸೀರೆ ಉಟ್ಟು, ತೆಂಗಿನಕಾಯಿ ಹಿಡಿದು ಬರುತ್ತಿದ್ದಳು. ಟಿವಿಯ ಮುಂದೆ ಕಾಯಿ ಒಡೆದಳು. ಟಿವಿಯ ಹಣೆಗೆ ಕುಂಕುಮ ಇಟ್ಟಳು. ನಗಬೇಡಿ, ಅವಳ ಮಾವ ಮೊದಲ ಸಲ ಮನೆಗೆ ಬರುತ್ತಿದ್ದ.

ಸಿನಿಮಾ ಶುರುವಾಯಿತು. ನಮ್ಮ ಗುಡ್ಡದಲ್ಲಿ ಕಾರೆಗಿಡ ಬಿಟ್ಟರೆ ಬಂಡೆ. ಸಿನಿಮಾದಲ್ಲಿ ನೀರು ಧುಮುಕುತ್ತಿತ್ತು, ಹುಡುಗಿಯರು ಹೂವು ಮುಡಿದು ಕುಣಿಯುತ್ತಿದ್ದರು. ಪದದಲ್ಲಿ ಮಾರಣ್ಣ ಕಂಬಳಿ ಹೊದ್ದವನು. ಇಲ್ಲಿ ಅವನಿಗೆ ದಿನಕ್ಕೊಂದು ಹೊಳೆಯುವ ಅಂಗಿ.

"ನಿಮ್ಮಾವಂಗೆ ಒಗೆಯೋರು ಯಾರಕ್ಕಾ, ಇಷ್ಟು ಬಟ್ಟೇನಾ?" ಎಂದು ಯಾರೋ ಕೇಳಿದರು.

"ಕದ್ದಿರ್ತಾನೆ ಬಿಡು" ಎಂದಳು ತಿಪ್ಪಮ್ಮ, ಕಣ್ಣು ತೆಗೆಯದೆ. ಮಾರಣ್ಣ ಬಂದಾಗಲೆಲ್ಲ ಸೆರಗು ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದಳು. ಮಾವನ ಮುಂದೆ ಸೊಸೆ ಹಾಗೆ ಕೂರಬಾರದಲ್ಲ.

ಮಧ್ಯಾಹ್ನ ಊಟದ ಹೊತ್ತು ದಾಟಿತು. ತಗಡಿನ ಕೆಳಗೆ ಬೆವರು ಇಳಿಯುತ್ತಿತ್ತು. ಸಿನಿಮಾದಲ್ಲೂ ಬಿಸಿಲು ಏರಿತು. ಮಾರಣ್ಣ ಒಬ್ಬನೇ ಕುದುರೆ ಹಿಡಿದು ಒಂದು ಊರಿಗೆ ಬಂದ. ತುಟಿ ಒಣಗಿತ್ತು. ಒಂದು ಮನೆಯ ಬಾಗಿಲಲ್ಲಿ ನಿಂತು ತಾಯೀ ಎಂದು ಕೂಗಿದ. ಒಳಗಿಂದ ಒಬ್ಬಳು ಹೆಂಗಸು ಚೊಂಬು ಹಿಡಿದು ಬಂದಳು. ನಾನು ರತ್ನಳ ಕಡೆ ನೋಡಿದೆ, ಅವಳು ನೆಲ ನೋಡುತ್ತಿದ್ದಳು. ನಾಗರಾಜ ಎದ್ದು ಹೋಗಿ ಕಂಬ ಹಿಡಿದು ನಿಂತ. ಮಾರಣ್ಣ ಚೊಂಬನ್ನು ಎತ್ತಿ ಬಾಯಿಗೆ ಇಟ್ಟ.

ಕರೆಂಟು ಹೋಯಿತು.

ತಿಪ್ಪಮ್ಮ ಎದೆ ಬಡಿದುಕೊಂಡಳು.

"ಕುಡಿದ್ಬಿಟ್ನಲ್ಲಪ್ಪಾ! ಹೋದ, ನಮ್ಮಾವ ಹೋದ! ಅವಳ ಕೈ ಸೇದಿ ಹೋಗ, ಅವಳ ಊರು ಹಾಳಾಗ!"

ಅವಳ ಊರಿನ ಹೆಂಗಸರೂ ದನಿಗೂಡಿಸಿದರು. ಸತ್ತ ಮನೆಯಲ್ಲಿ ಅಳುವ ಹಾಗೆ ರಾಗ ಎಳೆದು ಅತ್ತರು. ನಮ್ಮೂರಿನವರು ಎದ್ದು ನಿಂತರು. "ಏನಕ್ಕಾ, ನಮ್ಮ ಚಪ್ಪರದಾಗೆ ಕೂತು ನಮ್ಮೂರಿಗೇ ಬಯ್ತೀಯಲ್ಲ" ಎಂದು ಒಬ್ಬಳು ಜಗಳಕ್ಕೆ ಇಳಿದಳು. ನಾನು ಅವಳ ರಟ್ಟೆ ಹಿಡಿದು ಕೂರಿಸಿದೆ. ನನಗೂ ನಾಲಿಗೆಯ ತುದಿಗೆ ಬಂದಿತ್ತು. ಮಗಳ ಮುಖ ನೋಡಿ ನುಂಗಿಕೊಂಡೆ.

ರತ್ನ ಅಳುತ್ತಿದ್ದಳು. ಅಳುವವರ ಕೈಗೆ ಕೆಲಸ ಕೊಡಬೇಕು. "ಮೊಸರು ಐತಲ್ಲ, ನೀರು ಹಾಕಿ ಕಡಿ. ಮಕ್ಕಳು ಬೆಂದು ಹೋಗ್ತಾವೆ" ಎಂದೆ. ಬೇರೆ ಯೋಚನೆಯೇ ಮಾಡಲಿಲ್ಲ, ಸೆಕೆಗೆ ಮಜ್ಜಿಗೆ ಬಿಟ್ಟರೆ ಮನೆಯಲ್ಲಿ ಏನಿತ್ತು? ಅವಳು ಪಾತ್ರೆ ತುಂಬ ಮಾಡಿ ತಂದಿಟ್ಟಳು.

ತಿಪ್ಪಮ್ಮ ಅಳು ನಿಲ್ಲಿಸಿ ಕಣ್ಣು ಬಿಟ್ಟಳು. "ನೋಡ್ರಮ್ಮ, ನೋಡಿ! ಹೆಣ ಇನ್ನೂ ಬಿದ್ದಿಲ್ಲ, ಆಗ್ಲೇ ಇನ್ನೊಂದು ಪಾತ್ರೆ ಮಜ್ಜಿಗೆ ಕಲಸ್ಕಂಡು ತಂದವ್ರೆ!"

ಖಾದರ್ ಸಾಬರಿಗೆ ಇದೊಂದೂ ಗೊತ್ತಿಲ್ಲ. ಅವರು ಒಂದು ಲೋಟ ಎತ್ತಿ ಗಟಗಟ ಕುಡಿದು ಇನ್ನೊಂದಕ್ಕೆ ಕೈ ನೀಡಿದರು. ಆ ಊರಿನ ಹೆಂಗಸರೆಲ್ಲ ಅವರ ಮುಖವನ್ನೇ ನೋಡುತ್ತಾ ಕೂತರು.

"ಯಾಕ ಹಿಂಗ ನೋಡಾಕತ್ತೀರಿ? ನಾ ಏನು ಸಾಯ್ತೀನೇನು?"

ನನಗೆ ನಗು ಬಂತು. ನಾಗರಾಜನೂ ನಕ್ಕ. ತಿಪ್ಪಮ್ಮ ನಗಲಿಲ್ಲ.

ಬಹಳ ಹೊತ್ತಿನ ಮೇಲೆ ಕರೆಂಟು ಬಂತು. "ಬಿಟ್ಟದ್ದಕ್ಕಿಂತ ಸ್ವಲ್ಪ ಹಿಂದಿಂದ ಹಾಕ್ತೀನ್ರಿ" ಎಂದು ಸಾಬರು ಗುಂಡಿ ಒತ್ತಿದರು. ಮತ್ತೆ ಬಿಸಿಲು, ಮತ್ತೆ ಕುದುರೆ, ಮತ್ತೆ ಚೊಂಬು. ಮಾರಣ್ಣ ಕುಡಿದ. ಪೂರ್ತಿ ಕುಡಿದ. ಮೀಸೆ ಒರೆಸಿಕೊಂಡ. ನಾವೆಲ್ಲ ಅವನು ಬೀಳುವುದನ್ನು ಕಾಯುತ್ತಾ ಕೂತೆವು.

ಅವನು ಬೀಳಲಿಲ್ಲ. ಆ ಹೆಂಗಸಿಗೆ ಕೈ ಮುಗಿದು, ನೀನು ನನ್ನ ಅಕ್ಕ ಎಂದು ಹೇಳಿ, ಕುದುರೆ ಹತ್ತಿ ಹೋದ. ಆಮೇಲೆ ಒಂದು ಹಾಡು ಕೂಡ ಹೇಳಿದ.

ತಿಪ್ಪಮ್ಮ ಮುಖ ಗಂಟಿಕ್ಕಿ, "ಇಸ ನಿಧಾನಕ್ಕೆ ಏರ್ತೈತೆ" ಎಂದಳು. ಹಾಡು ಮುಗಿಯಿತು, ಎರಡು ಹೊಡೆದಾಟ ಮುಗಿದವು, ವಿಷ ಏರಲೇ ಇಲ್ಲ.

ಕೊನೆಗೆ ಅವನನ್ನು ಹಿಡಿಸಿದ್ದು ಯಾರು? ಅವನ ಸ್ವಂತ ತಮ್ಮ. ಸಾಹುಕಾರನ ಮಾತಿಗೆ ಮರುಳಾಗಿ, ಅಣ್ಣ ಮಲಗಿದ ಗುಹೆಯನ್ನು ತಮ್ಮನೇ ತೋರಿಸಿಕೊಟ್ಟ.

ತಿಪ್ಪಮ್ಮ ಎದ್ದು ನಿಂತಳು. ಅವಳ ಗಂಡನ ವಂಶ ಆ ತಮ್ಮನದೇ ತಾನೇ.

"ನಿಲ್ಸು ಸಾಬು! ಸುಳ್ಳು, ಎಲ್ಲಾ ಸುಳ್ಳು. ನಮ್ಮ ಮನೆತನದ ಮೇಲೆ ಹಾಕ್ತಾರಾ? ಇವ್ರೇನು ಕಂಡಿದ್ರಾ? ಎಲ್ಲೋ ಪಟ್ನದಾಗೆ ಕೂತ್ಕಂಡು ಬಾಯಿಗೆ ಬಂದಂಗೆ ಕಥೆ ಕಟ್ಟವ್ರೆ. ನಮ್ಮ ಮನೆ ಗಂಡಸ್ರು ಅಣ್ಣನ್ನ ಹಿಡ್ಕೊಡೋ ಅಂತೋರಾ? ನಾಳೆ ಶೆಡ್ಡಿನಾಗೆ ನಾನು ಹೆಂಗೆ ತಲೆ ಎತ್ಲಿ?"

ಇಷ್ಟು ಹೊತ್ತು ನುಂಗಿಕೊಂಡಿದ್ದ ನನಗೆ ಇನ್ನು ತಡೆಯಲಾಗಲಿಲ್ಲ.

"ತಿಪ್ಪಕ್ಕ, ಸಿನಿಮಾದೋರು ಕಂಡಿಲ್ಲ. ಒಪ್ಕಂತೀನಿ. ಪದ ಕಟ್ಟಿದೋನು ಕಂಡಿದ್ನಾ?"

"ಪದ ಹಿಂದಿಂದ ಬಂದಿದ್ದು."

"ಹಿಂದಿಂದ ಬಂದ್ರೆ? ಅವನು ಮಜ್ಜಿಗೆ ಕಲಸೋವಾಗ ಪಕ್ಕದಾಗೆ ಕೂತಿದ್ನಾ? ಉಮ್ಮತ್ತಿ ಬೀಜ ಅರೆಯೋದನ್ನ ಇಣುಕಿ ನೋಡಿದ್ನಾ? ಅವನೂ ಎಲ್ಲೋ ಕೂತು ಬಾಯಿಗೆ ಬಂದಂಗೆ ಕಟ್ಟಿರ್ತಾನೆ."

"ಏನೇ ಗಂಗಿ, ಬಾಯಿ ಬಿಗಿ ಹಿಡಿ."

"ಹಿಡಿಯಲ್ಲ. ಈಗ ನಿಮ್ಮ ಮನೆ ಮೇಲೆ ಬಂದು ಇನ್ನೂ ಒಂದು ಗಳಿಗೆ ಆಗಿಲ್ಲ. ಆಗ್ಲೇ ಶೆಡ್ಡಿನಾಗೆ ತಲೆ ಹೆಂಗೆ ಎತ್ಲಿ ಅಂತೀಯ. ನಮ್ಮಜ್ಜಿ ತಲೆ ಬಗ್ಗಿಸ್ಕಂಡೇ ಸತ್ಲು. ನಮ್ಮಮ್ಮ ಬಗ್ಗಿಸ್ಕಂಡೇ ಸತ್ಲು. ಸಂತೇಲಿ ನಿಮ್ಮೂರೋರು ಬಾಯಾರಿ ನಿಂತಿದ್ರೂ ನಮ್ಮ ಕೊಡ ನೋಡಿ ಮುಖ ತಿರುಗಿಸ್ಕಂಡು ಹೋಗೋರು. ನಾವು ಏನು ಮಾಡಿದ್ವಿ ಹೇಳು. ನನ್ನ ಮಗಳು ಏನು ಮಾಡವಳೆ? ಇಲ್ಲಿ ಎಲ್ಲರ ಮುಂದೆ ಹೇಳು."

ತಿಪ್ಪಮ್ಮ ತನ್ನ ಊರಿನವರ ಕಡೆ ತಿರುಗಿ ನೋಡಿದಳು. ಅವಳ ಕಡೆಯವರ ಪೈಕಿ ಒಬ್ಬರೂ ಅವಳ ಪರವಾಗಿ ಎದ್ದು ನಿಲ್ಲಲಿಲ್ಲ. ಅವಳು ಮತ್ತೆ ಕೂತಳು. ಖಾದರ್ ಸಾಬರು ನಿಲ್ಲಿಸಬೇಕೋ ಬಿಡಬೇಕೋ ತಿಳಿಯದೆ ಹಾಗೇ ಓಡಿಸಿದರು. ಮಾರಣ್ಣನನ್ನು ನೇಣು ಹಾಕಿದರು. ಅವಳು ಅಳಲಿಲ್ಲ.

ಸಿನಿಮಾ ಮುಗಿದು ಟಿವಿಯಲ್ಲಿ ಹಿಟ್ಟು ಜರಡಿ ಹಿಡಿದಂತೆ ಬರೀ ಚುಕ್ಕೆ ಬರತೊಡಗಿತು. ನಾನು ಎಲ್ಲವನ್ನೂ ಕೆಡಿಸಿದೆ ಎಂದುಕೊಂಡೆ. ರತ್ನ ನನ್ನನ್ನು ನೋಡಿದ ನೋಟವೂ ಹಾಗೇ ಇತ್ತು. ಸಾಬರು ವೈರು ಕೀಳಲು ಎದ್ದರು.

"ಸಾಬರೇ" ಎಂದಳು ತಿಪ್ಪಮ್ಮ. ದನಿ ತಗ್ಗಿತ್ತು. "ಆ ಮಜ್ಜಿಗೆದು ಇನ್ನೊಂದು ಸಾರಿ ತೋರಿಸ್ತೀರಾ?"

ಸಾಬರು ಗುಂಡಿ ಒತ್ತಿದರು. ಸಿನಿಮಾ ಹಿಂದುಹಿಂದಕ್ಕೆ ಓಡಿತು. ನಾನು ಅದನ್ನು ಹಾಗೆ ನೋಡಿದ್ದು ಅದೇ ಮೊದಲು. ಮಾರಣ್ಣ ನೇಣಿನಿಂದ ಇಳಿದ. ಜೈಲಿನಿಂದ ಹಿಂದಕ್ಕೆ ನಡೆದು ಹೊರಗೆ ಬಂದ. ಸಿಪಾಯಿಗಳು ಅವನ ಹಗ್ಗ ಬಿಚ್ಚಿ ಹಿಂದಕ್ಕೆ ಓಡಿಹೋದರು. ತಮ್ಮ ಗುಹೆಯಿಂದ ಹಿಂದಕ್ಕೆ ಸರಿದು ಕಾಣದಾದ. ಮಕ್ಕಳು ಕೇಕೆ ಹಾಕಿ ನಕ್ಕರು. ತಿಪ್ಪಮ್ಮ ಮಾತ್ರ ಮುಂದಕ್ಕೆ ಬಾಗಿ, ಸೆರಗು ತಲೆಯಿಂದ ಜಾರಿದ್ದೂ ತಿಳಿಯದೆ ನೋಡುತ್ತಿದ್ದಳು. ಕುದುರೆ ಹಿಮ್ಮುಖವಾಗಿ ಬಂದು ಆ ಬಾಗಿಲ ಮುಂದೆ ನಿಂತಿತು. ಸಾಬರು ಬಿಟ್ಟರು. ಮಾರಣ್ಣ ಚೊಂಬು ಎತ್ತಿ ಕುಡಿದ, ಮೀಸೆ ಒರೆಸಿಕೊಂಡ, ಕೈ ಮುಗಿದ.

"ಸಾಕು" ಎಂದಳು.

ಜಾರಿದ್ದ ಸೆರಗು ಸರಿಮಾಡಿಕೊಂಡಳು. ಆಮೇಲೆ, ಯಾರ ಮುಖವನ್ನೂ ನೋಡದೆ, "ಕೂಗಿ ಕೂಗಿ ಗಂಟಲು ಹರಿದೋಗೈತೆ" ಎಂದಳು. ಪಾತ್ರೆ ಅವಳ ಮುಂದೆಯೇ ಇತ್ತು. ನಾನು ಬಗ್ಗಿಸಿ ಕೊಡಲಿಲ್ಲ. ಕೊಡುವುದು ಬೇರೆ, ಅವಳೇ ತೆಗೆದುಕೊಳ್ಳುವುದು ಬೇರೆ. ಅವಳು ಲೋಟ ಅದ್ದಿ ತೆಗೆದಳು. ಅವಳ ಊರಿನ ಹೆಂಗಸರು ಕುತ್ತಿಗೆ ಚಾಚಿ ನೋಡಿದರು. ಕಣ್ಣು ಮುಚ್ಚಿ ಅರ್ಧ ಕುಡಿದಳು. ಕಣ್ಣು ಬಿಟ್ಟು ರತ್ನಳನ್ನು ನೋಡಿದಳು.

"ಇದೇನಮ್ಮಿ ಇದು, ಮಜ್ಜಿಗೇನೋ ಅಕ್ಕಿ ತೊಳೆದ ನೀರೋ? ಉಪ್ಪೇ ಇಲ್ಲ. ನಿಮ್ಮಮ್ಮ ಇಷ್ಟೂ ಕಲಿಸಿಲ್ವಾ?"

ರತ್ನ ಹೆದರಿ ಉಪ್ಪು ತರಲು ಒಳಗೆ ಓಡಿದಳು.

"ನೀನೇ ಕಲಿಸ್ಕ, ನಿನ್ನ ಮನೆಗೆ ಬಂದ್ಮೇಲೆ" ಎಂದೆ ನಾನು.

"ಇವಳ ಬಾಯಿ ನೋಡು, ಜೀನ್ಸ್ ಹೊಲಿಯೋ ಮಿಷನ್ನು!" ಎಂದಳು ತಿಪ್ಪಮ್ಮ. ಮಿಕ್ಕರ್ಧವನ್ನೂ ಕುಡಿದಳು. "ನಾನೊಬ್ಬಳು ಹೂಂ ಅಂದ್ರೆ ಆಗೋಯ್ತಾ? ಊರಾಗೆ ಹಿರೇರು ಅವ್ರೆ. ನಾನು ಹೇಳಿದ್ರೆ ಮುದುಕಿಗೆ ತಲೆ ಕೆಟ್ಟೈತೆ ಅಂತಾರೆ. ನಾಳೆ ಬಸ್ಸಿಗೆ ನೀನೂ ಬಾ. ನನ್ನ ಕೇಳಿದಂಗೆ ಅವ್ರನ್ನೂ ಕೇಳು. ಪದ ಕಟ್ಟಿದೋನು ಕಂಡಿದ್ನಾ ಅಂತ ಕೇಳು. ಹೆದರಬ್ಯಾಡ."

"ನಾನ್ಯಾಕೆ ಹೆದರ್ಲಿ?" ಎಂದೆ. ನಿಜ ಹೇಳಬೇಕೆಂದರೆ ಹೆದರಿಕೆ ಇತ್ತು. ನಮ್ಮೂರಿನ ಹೆಂಗಸು ಆ ಊರಿನೊಳಗೆ ಕಾಲಿಟ್ಟದ್ದನ್ನು ನಾನು ಕೇಳಿಯೇ ಇರಲಿಲ್ಲ.

ಊರಿನಲ್ಲಿ ಅದು ಒಂದೇ ಮಾತಿಗೆ ಮುಗಿಯಲಿಲ್ಲ. ಕೆಲವರು ಒಪ್ಪಿದರು, 'ಹೆಂಗಸರ ಮಾತು' ಎಂದು ಕೆಲವರು ಎದ್ದು ಹೋದರು. ಮುಂದಿನ ವರ್ಷ ಹೇಮಾವತಿಯ ದೇವಸ್ಥಾನದಲ್ಲಿ ರತ್ನ, ನಾಗರಾಜನ ಮದುವೆಯಾಯಿತು. ಆ ಊರಿನ ಕೆಲವರು ಅಕ್ಷತೆ ಹಾಕಿ ಊಟ ಮಾಡದೆ ಹೋದರು. ಹೋಗಲಿ, ಉಳಿದದ್ದನ್ನು ನಾವು ಉಂಡೆವು. ಈಗ ಆ ಎರಡು ಊರುಗಳ ನಡುವೆ ಎಷ್ಟು ಮದುವೆಗಳಾಗಿವೆ ಎಂದು ನಾನು ಲೆಕ್ಕ ಇಟ್ಟಿಲ್ಲ. ತಿಪ್ಪಮ್ಮ ಕೊನೆಗೆ ಹಾಸಿಗೆ ಹಿಡಿದಾಗ ರತ್ನಳ ಕೈಯಿಂದಲೇ ಗಂಜಿ ಕುಡಿದಳು. ಉಪ್ಪು ಕಡಿಮೆ ಎಂದು ಅಂದೂ ಬೈದಳು.

ಮಜ್ಜಿಗೆ ಕೊಟ್ಟವಳು ವಿಷ ಹಾಕಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ. ಹಾಕಿದ್ದಿದ್ದರೂ ಅದು ಅವಳ ಕೆಲಸ, ನನ್ನ ಮಗಳದ್ದಲ್ಲ. ಆ ಸಿನಿಮಾ ತೆಗೆದವರು ನಮ್ಮೂರಿನ ಹೆಸರೂ ಕೇಳಿರಲಾರರು. ಹಾಡು ಕುಣಿತದ ನಡುವೆ ಹೇಗೆ ಬೇಕೋ ಹಾಗೆ ಕಥೆ ತಿರುಗಿಸಿದರು. ಅವರ ಆ ಸುಳ್ಳಿನಿಂದ ನಮ್ಮ ಮೇಲಿದ್ದ ಒಂದು ಹಳೆಯ ಮಾತು ಸಡಿಲವಾಯಿತು. ತನ್ನ ಮೈಮೇಲೆ ಬಂದಾಗಲೇ ಇನ್ನೊಬ್ಬರ ಮೈ ಉರಿ ತಿಳಿಯುವುದು ಎಂದು ಅಂದು ನೋಡಿದೆ. ಅಷ್ಟನ್ನು ತಿಳಿದುಕೊಳ್ಳಲು ತಿಪ್ಪಮ್ಮನಿಗೆ ಒಂದು ಮಧ್ಯಾಹ್ನ ಸಾಕಾಯಿತು. ಅದಕ್ಕಾಗಿ ಅವಳ ಮೇಲೆ ನನಗೆ ಇಂದಿಗೂ ಗೌರವ ಇದೆ. ನನಗಾಗಿದ್ದರೆ ಇನ್ನೂ ನಾಲ್ಕು ದಿನ ಬೇಕಾಗುತ್ತಿತ್ತೇನೋ.

ಆ ಮರುದಿನ ಬೆಳಗ್ಗೆ ನಾನು ರೊಟ್ಟಿ ಬಡಿದು ಗಂಟು ಕಟ್ಟಿಕೊಂಡೆ. ಶಿವಣ್ಣ ಮೇಸ್ತ್ರಿಗೆ ರಜ ಎಂದು ಹೇಳಲು ರತ್ನಳಿಗೆ ಒಪ್ಪಿಸಿ, ಮೊದಲನೇ ಬಸ್ಸಿಗೆ ಹೋದೆ. ತಿಪ್ಪಮ್ಮ ಆಗಲೇ ಬಂದು ಕಿಟಕಿ ಪಕ್ಕ ಕೂತು ನನಗೆ ಜಾಗ ಹಿಡಿದಿದ್ದಳು. ಬಸ್ಸು ಹೊರಟ ಕೂಡಲೇ ಅವಳು ಊರ ಹಿರಿಯರ ಹಾಗೆ ದನಿ ದಪ್ಪ ಮಾಡಿ, "ಏನಮ್ಮ, ಯಾವ ಮುಖ ಇಟ್ಕಂಡು ನಮ್ಮೂರಿಗೆ ಬಂದೆ?" ಎಂದು ಕೇಳಿದಳು. ನಾನು ಉತ್ತರ ಕೊಟ್ಟೆ. "ಅಂಗಲ್ಲ, ಇನ್ನೂ ಜೋರಾಗಿ ಹೇಳು, ಅವ್ರಿಗೆ ಕಿವಿ ಮಂದ" ಎಂದಳು. ನಾನು ಜೋರಾಗಿ ಹೇಳಿದೆ. ಕಲ್ಯಾಣದುರ್ಗ ಬರುವವರೆಗೂ ಅವಳು ಕೇಳುತ್ತಾ ಹೋದಳು, ನಾನು ಹೇಳುತ್ತಾ ಹೋದೆ. ಬಸ್ಸಿನವರೆಲ್ಲ ತಿರುಗಿ ತಿರುಗಿ ನಮ್ಮನ್ನೇ ನೋಡುತ್ತಿದ್ದರು.